ಪದ ಬೇಕು: ಎಐ ಮೇಲಿನ ‘ಹ್ಯೂಮನ್ ಓವರ್‌ಸೈಟ್’ಗೆ ಏನನ್ನೋಣ?

ನಮಸ್ಕಾರ. ಸರ್ಕಾರಿ ಕೆಲಸ, ಕೋರ್ಟುಗಳಲ್ಲಿ ಎಐ ಬಳಕೆ ಬಗ್ಗೆ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯುರೋಪಿನ 2024ರ ಎಐ ಕಾಯ್ದೆಯಲ್ಲಿ 14ನೇ ವಿಧಿಯ ತಲೆಬರಹವೇ ‘ಹ್ಯೂಮನ್ ಓವರ್‌ಸೈಟ್’. ‘ಮಾನವ ಮೇಲ್ವಿಚಾರಣೆ’ ಎಂದು ಬರೆದಿದ್ದೆ. ಆದರೆ ಕೋರ್ಟಿನ ಮಾತು ಬಂದಾಗ ವಿಚಾರಣೆ ಅಂದರೆ ಕೇಸಿನದ್ದೇ ಅಲ್ವಾ? ಓದಿದವರೊಬ್ಬರು ಮೇಲ್ಮನವಿ ಅಂದುಕೊಂಡರು. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು.

———

ಮೇಲ್ನೋಟ. ಅಚ್ಚಗನ್ನಡ ಕೈಯಲ್ಲೇ ಇರುವಾಗ ಮಾನವ, ವಿಚಾರಣೆ ಎಂದು ಸಂಸ್ಕೃತ ಯಾಕೆ ಹೇರುತ್ತೀರಿ?

———

‘ಮೇಲ್ನೋಟಕ್ಕೆ ಅಪರಾಧ ಕಂಡುಬಂದಿದೆ’ ಎಂದು ದಿನಾ ಪೇಪರಿನಲ್ಲಿ ಬರುತ್ತದೆ ಸಾರ್. ಇನ್ನೂ ಆಳಕ್ಕೆ ಇಳಿದಿಲ್ಲ ಅಂತ ಅದರ ಅರ್ಥ. ಯಂತ್ರ ಹೇಳಿದ್ದನ್ನು ಹಾಗೆ ಮೇಲೆ ಮೇಲೆ ನೋಡಿ ಸಹಿ ಹಾಕಬಾರದು ಅಂತಲೇ ಆ ವಿಧಿ ಇರುವುದು!

‘ನಿಗಾ’ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ನಿಗಾ ಸರ್ಕಾರ ಜನರ ಮೇಲೆ ಇಡುವಂಥದ್ದು. ನೆದರ್ಲೆಂಡ್ಸಿನಲ್ಲಿ ಸರ್ಕಾರಿ ನೆರವು ಪಡೆಯುವವರಲ್ಲಿ ಮೋಸಗಾರರನ್ನು ಹುಡುಕಲು ‘ಸಿರಿ’ ಎಂಬ ವ್ಯವಸ್ಥೆ ಇತ್ತು (ಫೋನಿನ ಸಿರಿ ಅಲ್ಲ). ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆ ಎಂದು ಹೇಗ್ ಜಿಲ್ಲಾ ಕೋರ್ಟು 2020ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿತು. ಅದು ನಿಗಾ. 14ನೇ ವಿಧಿ ಹೇಳುವುದು ಅದರ ಉಲ್ಟಾ. ಅಪಾಯ ಜಾಸ್ತಿ ಇರುವ ವ್ಯವಸ್ಥೆಗಳಲ್ಲಿ ಯಂತ್ರದ ಉತ್ತರವನ್ನು ತಳ್ಳಿಹಾಕಲು, ಬೇಕಾದರೆ ಯಂತ್ರವನ್ನೇ ನಿಲ್ಲಿಸಲು ಮನುಷ್ಯರಿಗೆ ಅವಕಾಶ ಇರಬೇಕು.

‘ಮನುಷ್ಯರ ಉಸ್ತುವಾರಿ’ ಅನ್ನಿ. ಜಿಲ್ಲಾ ಉಸ್ತುವಾರಿ ಸಚಿವರು ಯಾರಿಗೆ ಗೊತ್ತಿಲ್ಲ? ಕೆಲಸ ಕೆಟ್ಟರೆ ಯಾರನ್ನು ಕೇಳಬೇಕು ಅನ್ನುವುದೂ ಆ ಪದದಲ್ಲೇ ಇದೆ.

———

ಉಸ್ತುವಾರಿ ಪಾರ್ಸಿ. ಬೇಡ.

———

ಹಾಗಾದರೆ ವಕೀಲ, ಅರ್ಜಿ, ಜಾಮೀನು, ತಕರಾರು ಎಲ್ಲ ತೆಗೆದುಬಿಡಿ. ಬಾಗಿಲು, ಮೆಟ್ಟಿಲು ಮಾತ್ರ ಉಳಿಯುತ್ತವೆ.

———

ಇಬ್ಬರೂ ಸುಮ್ನೆ ಜಗಳ ಆಡುತ್ತಿದ್ದೀರಿ. ಎಲ್ಲ ಕಡೆಗೂ ಒಂದೇ ಪದ ಯಾಕೆ? ಕೇರಳ ಹೈಕೋರ್ಟು 2025ರ ಜುಲೈನಲ್ಲಿ ಜಿಲ್ಲಾ ಕೋರ್ಟುಗಳಿಗೆ ಕೊಟ್ಟ ನೀತಿಯಲ್ಲಿ ತೀರ್ಪು, ಆದೇಶಗಳಿಗೆ ಬರಲು ಎಐ ಬಳಸಲೇಬಾರದು ಎಂದಿದೆ. ಅಲ್ಲಿ ಉಸ್ತುವಾರಿ ಅಂದರೆ ಅರ್ಥ ಕೆಡುತ್ತದೆ, ಯಂತ್ರ ತೀರ್ಪು ಬರೆಯುತ್ತದೆ, ಜಡ್ಜ್ ನೋಡಿಕೊಳ್ಳುತ್ತಾರೆ ಅನ್ನಿಸುತ್ತದೆ. ‘ತೀರ್ಮಾನ ಜಡ್ಜರದ್ದೇ’ ಎಂದು ಬಿಡಿಸಿ ಬರೆಯಿರಿ.

———

ಸರಿ ಮೇಡಂ. ಯುರೋಪಿನ ಭಾಗಕ್ಕೆ ‘ಉಸ್ತುವಾರಿ’, ಕೇರಳದ್ದಕ್ಕೆ ನೀವು ಹೇಳಿದ ಸಾಲು. ಪ್ರೆಸ್ಸಿಗೆ ಕಳಿಸುತ್ತಿದ್ದೇನೆ.

———

‘ಹಿಡಿತ’ ಇತ್ತು. ಹಿಡಿ ಅನ್ನುವುದರಿಂದ ಬಂದದ್ದು, ಯಾರ ಸಾಲವೂ ಅಲ್ಲ. ಇನ್ನು ‘ಎಐ’ ಅಂತ ಹಾಗೇ ಬಿಟ್ಟಿದ್ದೀರಲ್ಲ, ಅದಕ್ಕೆ ಬೇರೆ ಎಳೆ ತೆರೆಯುತ್ತೇನೆ.