ಕಡಲ ತಳದಲ್ಲಿ ಕೂತ ಹುಡಿಗೆ ಏನೆನ್ನಬೇಕು? (‘ಗಸಿ’ ಬೇಡ)

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಒಂದು ಪದದ ತಲೆಬಿಸಿ.

ಇಲ್ಲಿನ ಒಂದು ಹೈಸ್ಕೂಲಿನ ಮಕ್ಕಳಿಗೆ ಮರಳುಗಾಡಿನ ಧೂಳು ಮತ್ತು ಕಡಲಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಬೇಕು. ವಿಷಯ ಇಷ್ಟೇ. ಒಣ ನೆಲದಲ್ಲಿ ಎದ್ದ ಧೂಳು ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಹೋಗಿ ಕಡಲಿಗೆ ಬೀಳುತ್ತದೆ, ಮುಳುಗಿ ತಳದಲ್ಲಿ ಪದರ ಪದರವಾಗಿ ಕೂರುತ್ತದೆ. ಹಡಗಿನಿಂದ ಕೊಳವೆ ಇಳಿಸಿ ಅದನ್ನು ಮೇಲೆತ್ತಿದರೆ ಯಾವ ಕಾಲದಲ್ಲಿ ಒಣಗಿತ್ತು, ಯಾವಾಗ ಮಳೆ ಚೆನ್ನಾಗಿತ್ತು ಅಂತ ಗೊತ್ತಾಗುತ್ತದೆ. ಈ ‘ಸೆಡಿಮೆಂಟ್’ಗೆ ಕನ್ನಡದಲ್ಲಿ ಏನು ಹೇಳಲಿ?

ನಿಘಂಟಿನಲ್ಲಿ ಗಸಿ, ಮಡ್ಡಿ, ಚರಟ ಇವೆ. ‘ಕಡಲ ಗಸಿ’ ಅಂತ ಬರೆದು ಮನೆಯಲ್ಲಿ ಓದಿದೆ. ಅಕ್ಕ ಒಳಗಿನಿಂದ, “ಕಡಲೆ ಗಸಿಯಾ? ಯಾರ ಮನೆಯಲ್ಲಿ ಊಟ?” ಅಂದಳು. ಅಲ್ಲಿಗೆ ಅದು ಮುಗಿಯಿತು. ಘಟ್ಟದ ಮೇಲೆ ಗಸಿ ಅಡಿಯಲ್ಲಿ ಉಳಿದದ್ದು ಇರಬಹುದು, ನಮಗದು ತೆಂಗಿನಕಾಯಿ ಅರೆದು ಹಾಕಿದ ಸಾರು. ಮಡ್ಡಿ ಅಂದರೆ ಎಣ್ಣೆ ನೆನಪಾಗುತ್ತದೆ.

‘ಹೂಳು’ ಹತ್ತಿರ ಬರುತ್ತದೆ. ಆದರೆ ಹೂಳು ನೀರು ತಂದದ್ದು ಅಲ್ವಾ? ನನ್ನ ಕಷ್ಟ ಇರುವುದೇ ಅಲ್ಲಿ. ನಮ್ಮ ತೀರದ ಹತ್ತಿರ ನೇತ್ರಾವತಿ, ಸ್ವರ್ಣಾ ಮಳೆಗಾಲದಲ್ಲಿ ತಂದು ಸುರಿಯುವ ಮಣ್ಣಿನ ನಡುವೆ ಗಾಳಿ ತಂದ ಚಿಟಿಕೆ ಧೂಳನ್ನು ಹುಡುಕುವುದು ಹೇಗೆ? ಅದಕ್ಕೇ ವಿಜ್ಞಾನಿಗಳು 1987ರಲ್ಲಿ ಅರಬ್ಬಿ ಕಡಲಿನ ಆಚೆ ಬದಿಗೆ, ಒಮಾನ್ ಕಡೆಯ ಓವನ್ ದಿಣ್ಣೆಗೆ ಹೋಗಿ ತಳ ಕೊರೆದರು. ಕಡಲೊಳಗಿನ ಆ ದಿಣ್ಣೆ ಸುತ್ತಲಿನ ತಳಕ್ಕಿಂತ ಬಹಳ ಎತ್ತರ, ಹಾಗಾಗಿ ಸಿಂಧೂ ನದಿಯಿಂದ ತಳದಲ್ಲೇ ಹರಿದು ಬರುವ ಕೆಸರು ಅದನ್ನು ಹತ್ತುವುದಿಲ್ಲ, ಅಲ್ಲಿ ಸೇರುವುದು ಹೆಚ್ಚಾಗಿ ಸೂಕ್ಷ್ಮ ಜೀವಿಗಳ ಚಿಪ್ಪು ಮತ್ತು ಅರೇಬಿಯಾ, ಸೊಮಾಲಿಯಾ ಕಡೆಯ ಧೂಳು. ಆಸಿಡ್ ಹಾಕಿದರೆ ಸುಣ್ಣದ ಚಿಪ್ಪು ಕರಗುತ್ತದೆ, ಧೂಳು ಉಳಿಯುತ್ತದೆ. (ನಮ್ಮಲ್ಲಿ ಮುಂಗಾರು ಸುರಿಯುವ ಹೊತ್ತಿಗೇ ಅಲ್ಲಿ ಧೂಳು ಜಾಸ್ತಿ ಹಾರುವುದು, ಇದು ಮಕ್ಕಳಿಗೆ ಹಿಡಿಸುತ್ತದೆ ಅಂದುಕೊಂಡಿದ್ದೇನೆ.) ಇದನ್ನೆಲ್ಲ ಹೇಳಿ ಕೊನೆಗೆ ‘ಹೂಳು’ ಅಂದರೆ ಹೇಳಿದ್ದೆಲ್ಲ ನೀರಿಗೆ ಹೋದ ಹಾಗೆ.

ಧೂಳಿಗೆ ಮಾತ್ರ ನಾನು ಹುಡಿ ಅಂತಲೇ ಬರೆದಿದ್ದೇನೆ. ಹಳಗನ್ನಡದ ಪುಡಿಯೇ ಹುಡಿ ಆದದ್ದು. ಬೆಂಗಳೂರಿನವರಿಗೆ ಪುಡಿ ಅಂದರೆ ಡಬ್ಬಿಯೊಳಗಿನದ್ದು. ನಮ್ಮಲ್ಲಿ ಮೆಣಸಿನ ಹುಡಿಯೂ ಹುಡಿ, ಏಪ್ರಿಲಿನಲ್ಲಿ ರಸ್ತೆ ಬದಿಯ ಹಲಸಿನ ಎಲೆ ಮೇಲೆ ಕೂರುವ ಕೆಂಪು ಮಣ್ಣೂ ಹುಡಿ. ಕರಡು ನೋಡಿದ ಒಬ್ಬರು ಅದನ್ನು ‘ಮರಳು’ ಅಂತ ತಿದ್ದಿದ್ದರು. ಅದು ತಪ್ಪು. ಹೊಯ್ಗೆ ಅಷ್ಟು ದೂರ ಹಾರುವುದಿಲ್ಲ. ಬಹಳ ದೂರ ಹೋಗುವ ಕಣ ಹೆಚ್ಚಾಗಿ ಮಿಲಿಮೀಟರಿನ ನೂರನೇ ಒಂದು ಪಾಲು, ಅದಕ್ಕಿಂತಲೂ ಸಣ್ಣದು. 1832ರ ಜನವರಿಯಲ್ಲಿ ಕೇಪ್ ವರ್ಡೆ ದ್ವೀಪಗಳ ಹತ್ತಿರ ಡಾರ್ವಿನ್ ತನ್ನ ಹಡಗಿನ ಕಂಬದ ತುದಿಯ ಜಾಲರಿ ಬಟ್ಟೆಯಿಂದ ತೆಗೆದು ಪೊಟ್ಟಣ ಕಟ್ಟಿದ್ದೂ ಇಂಥ ಕಂದು ಹುಡಿಯನ್ನೇ.

ಕೊಳವೆಯೊಳಗೆ ಮೇಲೆ ಬರುವ ಆ ಉದ್ದ ಮಣ್ಣಿಗೆ, ಅಂದರೆ ‘ಕೋರ್’ಗೆ, ‘ದಿಂಡು’ ಹೇಗೆ? ಬಾಳೆದಿಂಡಿನ ಹಾಗೆ ಮಣ್ಣಿನ ದಿಂಡು. ಉದ್ದ, ಉರುಟು, ಅಡ್ಡ ಕೊಯ್ಯಲೂ ಬರುತ್ತದೆ. ಪಶ್ಚಿಮ ಆಫ್ರಿಕಾದ ಮೌರಿಟಾನಿಯಾ ತೀರದ ದಿಂಡಿನಲ್ಲಿ ಸುಮಾರು 5,500 ವರ್ಷ ಹಿಂದಿನ ಪದರದಲ್ಲಿ ಹುಡಿ ಒಮ್ಮೆಲೇ ಏರುತ್ತದೆ. ಅದಕ್ಕೆ ಮೊದಲು ಕೆಲವು ಸಾವಿರ ವರ್ಷ ಸಹಾರಾದಲ್ಲಿ ಹುಲ್ಲೂ ಕೆರೆಗಳೂ ಇದ್ದವು, ನೆಲ ಹಸಿ ಇದ್ದದ್ದರಿಂದ ಹುಡಿ ಏಳುತ್ತಿರಲಿಲ್ಲ.

ಇನ್ನು ಅಸಲು ಪ್ರಶ್ನೆ. ಅಜ್ಜಿ ಕೂವೆ ಹುಡಿ ಮಾಡುತ್ತಿದ್ದರು. ಗೆಡ್ಡೆ ಅರೆದು, ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ಇಡುವುದು. ಬೆಳಿಗ್ಗೆ ಅಡಿಯಲ್ಲಿ ಬೆಳ್ಳಗಿನ ಗಟ್ಟಿ ಪದರ, ಅದರ ಮೇಲೆ ತೆಳ್ಳಗೆ ಒಂದು ಕಂದು ಪದರ. ಅದನ್ನು ಬೆರಳಲ್ಲಿ ಬಳಿದು ತೆಗೆಯುತ್ತಿದ್ದರು. “ಮೆಲ್ಲ ತೆಳಿ ಚೆಲ್ಲು ಮಗಾ, ಊರಿದ್ದು ಅಲುಗಬಾರದು” ಅನ್ನುತ್ತಿದ್ದರು. ಮೇಲಿನ ನೀರಿಗೆ ‘ತೆಳಿ’ ಅಂತ ಚಂದದ ಹೆಸರಿದೆ. ಅಡಿಯದ್ದು ಬರೀ ‘ಊರಿದ್ದು’, ಕ್ರಿಯಾಪದವೇ. ಅದರಿಂದ ‘ಊರುಹುಡಿ’ ಕಟ್ಟಿ ನೋಡಿದೆ, ಊರಲ್ಲಿ ಮಾಡಿದ ಸಾರಿನ ಹುಡಿಯ ಹಾಗೆ ಕೇಳಿಸಿತು. ‘ತಳವೂರಿದ ಹುಡಿ’ ಸರಿ ಇದೆ, ಆದರೆ ಪ್ರತಿ ವಾಕ್ಯದಲ್ಲೂ ಹೇಳಲು ಉದ್ದ.

ನಿಮ್ಮ ಮನೆಗಳಲ್ಲಿ ಕೂವೆಯದ್ದೋ, ಸುಣ್ಣದ ನೀರಿನದ್ದೋ, ಹೀಗೆ ಅಡಿಯಲ್ಲಿ ಊರಿದ್ದಕ್ಕೆ ಬೇರೆ ನಾಮಪದ ಇದೆಯಾ? ಕುಂದಾಪುರ, ಶಿರಸಿ ಕಡೆಯವರು ದಯವಿಟ್ಟು ಹೇಳಿ. ಕಾರ್ಯಕ್ರಮ ಮುಂದಿನ ಶನಿವಾರ. ಅಷ್ಟರಲ್ಲಿ ಏನೂ ಸಿಗದಿದ್ದರೆ ಸುಮ್ನೆ ‘ತಳದ ಮಣ್ಣು’ ಅಂದುಬಿಡುತ್ತೇನೆ.