ಪದಚರ್ಚೆ: ಆಟದ ಮಟ್ಟಕ್ಕೆ ‘ಕಷ್ಟ’ ಅನ್ನೋಣವೋ ‘ಬಿಗಿ’ ಅನ್ನೋಣವೋ?

ಎಲ್ಲರಿಗೂ ನಮಸ್ಕಾರ.

ದಿ ಲಾಂಗ್ ಡಾರ್ಕ್ ಎಂಬ ವಿಡಿಯೋ ಗೇಮ್ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹೊಸದಾಗಿ ಆಡುವವರು ಯಾವ ಮಟ್ಟ ಆರಿಸಿಕೊಳ್ಳಬೇಕು, ಮೊದಲ ಕೆಲವು ದಿನಗಳನ್ನು ಹೇಗೆ ದಾಟಬೇಕು ಎಂದು ಹೇಳುವ ಬರಹ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಲಹೆ ಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋ ಇದನ್ನು ಮಾಡಿದ್ದು. 2014ರಲ್ಲಿ ಇನ್ನೂ ಪೂರ್ತಿಯಾಗದ ರೂಪದಲ್ಲಿ ಆಡಲು ಸಿಕ್ಕಿತು, 2017ರಲ್ಲಿ ಪೂರ್ತಿಯಾಗಿ ಬಂತು. ಕೆನಡಾದ ಉತ್ತರದಲ್ಲಿ ಗ್ರೇಟ್ ಬೇರ್ ಎಂಬ ಕಲ್ಪನೆಯ ದ್ವೀಪ. ಕರೆಂಟು, ಯಂತ್ರ ಎಲ್ಲ ಕೈಕೊಟ್ಟಿವೆ. ಎಲ್ಲೆಲ್ಲೂ ಹಿಮ. ಅಲ್ಲಿ ನಾವು ಒಬ್ಬರೇ. ದೆವ್ವ, ರಾಕ್ಷಸ ಯಾವುದೂ ಇಲ್ಲ. ಜೀವ ತೆಗೆಯುವುದು ಚಳಿ, ಹಸಿವು, ಬಾಯಾರಿಕೆ, ದಣಿವು. ಜೊತೆಗೆ ತೋಳ, ಕರಡಿ. ಬದುಕಿ ಉಳಿಯುವುದೇ ಗುರಿಯಾದ ಸರ್ವೈವಲ್ ಮೋಡ್‌ನ ಮೂಲ ನಿಯಮದಂತೆ ಒಮ್ಮೆ ಸತ್ತರೆ ಮುಗಿಯಿತು. ಉಳಿಸಿಟ್ಟ ಆಟವೇ ಅಳಿಸಿಹೋಗುತ್ತದೆ.

ಈಗ ಮೊದಲ ಪ್ರಶ್ನೆ. ಆಟ ಶುರು ಮಾಡುವಾಗ ಒಂದು ಮಟ್ಟ ಆರಿಸಬೇಕು. ಕನ್ನಡದಲ್ಲಿ ಇದಕ್ಕೆ ‘ಕಷ್ಟದ ಮಟ್ಟ’, ‘ಕಠಿಣತೆಯ ಮಟ್ಟ’, ‘ಕ್ಲಿಷ್ಟತೆಯ ಮಟ್ಟ’ ಎಂದೆಲ್ಲ ಬರೆಯುವುದನ್ನು ನೋಡಿದ್ದೇನೆ. ಕ್ಲಿಷ್ಟತೆ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಸರಿ, ಅದನ್ನು ಬಿಟ್ಟುಬಿಡೋಣ. ಕಠಿಣ ಪರವಾಗಿಲ್ಲ, ಆದರೆ ‘ಕಠಿಣ ಶಿಕ್ಷೆ’, ‘ಕಠಿಣ ಕ್ರಮ’ಗಳ ಜೊತೆಗೇ ಕಿವಿಗೆ ಬೀಳುತ್ತದೆ. ಉಳಿದದ್ದು ಕಷ್ಟ. ನನಗೆ ತಕರಾರು ಇರುವುದು ಇದರ ಮೇಲೇ.

ಕಷ್ಟ ಎನ್ನುವುದು ಪಡುವವರ ಮಾತು. ‘ನನಗೆ ಕಷ್ಟವಾಯ್ತು’, ‘ಅವಳಿಗೆ ಸುಲಭವಾಯ್ತು’ ಅನ್ನುತ್ತೇವೆ. ಒಂದೇ ಕೆಲಸ ಒಬ್ಬರಿಗೆ ಕಷ್ಟ, ಇನ್ನೊಬ್ಬರಿಗೆ ಅಲ್ಲ. ಆಟದ ಸೆಟ್ಟಿಂಗ್ ಬದಲಿಸಿದಾಗ ಆಗುವುದು ಬೇರೆ. ಅಲ್ಲಿ ಬದಲಾಗುವುದು ಹೊರಗಿನ ಲೋಕ. ಬಿದ್ದಿರುವ ಸಾಮಾನು ಕಡಿಮೆಯಾಗುತ್ತದೆ. ಮೈಯ ಬಿಸಿ ಬೇಗ ಇಳಿಯುತ್ತದೆ. ಬಟ್ಟೆ ಬೇಗ ಹರಿಯುತ್ತದೆ. ಆಡುವವರು ಪಳಗಿದ್ದರೆ ಅದೇ ಲೋಕದಲ್ಲಿ ಆರಾಮಾಗಿ ತಿಂಗಳುಗಟ್ಟಲೆ ಇರುತ್ತಾರೆ. ಅವರಿಗೆ ಕಷ್ಟವೇನಿಲ್ಲ, ಆದರೆ ಲೋಕ ಮಾತ್ರ ಮೊದಲಿಗಿಂತ ಬಿಗಿಯಾಗಿದೆ.

ಅದಕ್ಕೇ ‘ಬಿಗಿ’ ಎಂಬ ಪದ ಇಲ್ಲಿ ಹೊಂದುತ್ತದೆ ಅನ್ನಿಸುತ್ತದೆ. ಬಿಗಿ ಮಾಡಬಹುದು, ಬಿಗಿ ಸಡಿಲಿಸಬಹುದು. ಮಾಡುವುದಕ್ಕೂ ಬಿಡುವುದಕ್ಕೂ ಕನ್ನಡದಲ್ಲಿ ಕ್ರಿಯೆಗಳು ಸಿದ್ಧವಾಗಿವೆ. ‘ಕಷ್ಟವನ್ನು ಹೆಚ್ಚಿಸಿ’ ಎಂದು ಬರೆದರೆ ಯಾರಿಗೋ ಕಾಟ ಕೊಟ್ಟ ಹಾಗಿದೆ. ‘ಬಿಗಿ ಜಾಸ್ತಿ ಮಾಡಿ’ ಎಂದರೆ ಸುಮ್ನೆ ಒಂದು ಸೆಟ್ಟಿಂಗ್ ತಿರುಗಿಸಿದಂತೆ ಕೇಳುತ್ತದೆ. ಇನ್ನೊಂದು ಲಾಭವೂ ಇದೆ. ‘ಕೈ ಬಿಗಿ’ ಎಂದರೆ ಕೊರತೆ, ‘ಕೈ ಬಿಗಿ ಹಿಡಿ’ ಎಂದರೆ ನೋಡಿಕೊಂಡು ಖರ್ಚು ಮಾಡು. ಈ ಆಟದಲ್ಲಿ ಮಟ್ಟ ಏರಿದಂತೆ ಆಗುವುದೂ ಇದೇ ಅಲ್ವಾ? ಲೋಕ ಬಿಗಿಯಾಗುತ್ತದೆ, ನಾವೂ ಕೈ ಬಿಗಿ ಹಿಡಿಯಬೇಕಾಗುತ್ತದೆ.

ಸ್ವಂತ ಹೊಂದಿಕೆಯ ಮೋಡ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕೂರುತ್ತದೆ. ಅಲ್ಲಿ ತೋಳ ಎಷ್ಟಿರಬೇಕು, ಹವೆ ಎಷ್ಟು ಬೇಗ ಬದಲಾಗಬೇಕು, ಮೈಯಲ್ಲಿನ ಕ್ಯಾಲರಿ ಎಷ್ಟು ಬೇಗ ಕರಗಬೇಕು ಎಂಬುದನ್ನೆಲ್ಲ ಬಿಡಿಬಿಡಿಯಾಗಿ ಇಡಬಹುದು. ‘ಚಳಿ ಬಿಗಿ, ತೋಳ ಸಡಿಲ’ ಎಂದು ಎರಡೇ ಮಾತಿನಲ್ಲಿ ಬರೆಯಬಹುದು. ಕಷ್ಟ, ಸುಲಭ ಹಾಕಿ ಅದನ್ನೇ ಬರೆದು ನೋಡಿ. ‘ಚಳಿ ಕಷ್ಟ, ತೋಳ ಸುಲಭ’ ಎಂದರೆ ಅರ್ಥವೇ ಎಲ್ಲೋ ಹೋಗುತ್ತದೆ.

‘ಬಿಗಿ ಬಂದೋಬಸ್ತ್’, ‘ಬಟ್ಟೆ ಬಿಗಿಯಾಯ್ತು’ ಎಂಬ ಬಳಕೆಗಳು ಅಡ್ಡ ಬರುತ್ತವೆ ಎಂದು ಒಬ್ಬರು ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುವುದು ಓದುಗರಿಗೆ ಹೊಸದೇನೂ ಅಲ್ಲ. ‘ಬಿಗಿಮಟ್ಟ’ ಎಂದು ಸೇರಿಸಿ ಬರೆಯಲೋ, ‘ಬಿಗಿಯ ಮಟ್ಟ’ ಎಂದು ಬಿಡಿಸಿ ಬರೆಯಲೋ, ಅದನ್ನು ಹೇಳಿ.

ಎರಡನೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಮಟ್ಟಗಳಿಗೆ ಈ ಆಟದವರು ಸುಲಭ, ಸಾಧಾರಣ, ಕಠಿಣ ಎಂದು ಹೆಸರಿಟ್ಟಿಲ್ಲ. ಪಿಲ್‌ಗ್ರಿಮ್, ವಾಯಾಜರ್, ಸ್ಟಾಕರ್, ಇಂಟರ್‌ಲೋಪರ್ ಎಂದಿಟ್ಟಿದ್ದಾರೆ. ಆಮೇಲೆ ಸೇರಿದ್ದು ಮಿಸರಿ. ಮೊದಲ ನಾಲ್ಕೂ ಮನುಷ್ಯರ ಹೆಸರು. ಆ ನೆಲದಲ್ಲಿ ನೀನು ಯಾರು ಎಂದು ಹೇಳುವ ಹೆಸರು. ಇದನ್ನು ಕಳೆದುಕೊಂಡು ‘ಮಟ್ಟ 1, ಮಟ್ಟ 2’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಪಿಲ್‌ಗ್ರಿಮ್ ಕನ್ನಡಕ್ಕೆ ತರಲು ಸುಲಭ. ಯಾತ್ರಿಕ. ಈ ಮಟ್ಟದಲ್ಲಿ ತೋಳವೇ ನಮ್ಮನ್ನು ಕಂಡು ಓಡುತ್ತದೆ. ನೋಡಿಕೊಂಡು, ನಡೆದುಕೊಂಡು ಹೋಗುವವರ ಮಟ್ಟ. ಹೆಸರು, ಆಟ ಎರಡೂ ಒಂದಕ್ಕೊಂದು ಒಪ್ಪುತ್ತವೆ.

ವಾಯಾಜರ್ ಎಂದರೆ ಬರೀ ಪಯಣಿಗ ಅಲ್ಲ. ಕೆನಡಾದಲ್ಲಿ ತುಪ್ಪಳದ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ದೋಣಿಗಳಲ್ಲಿ ಸರಕು ಸಾಗಿಸುತ್ತಿದ್ದ ಕೂಲಿಗಳು ಇವರು. ನೀರಿನ ದಾರಿ ಮುಗಿದ ಕಡೆ ದೋಣಿಯನ್ನೂ ಸರಕನ್ನೂ ಹೊತ್ತು ನಡೆಯಬೇಕಿತ್ತು. ಒಂದು ಮೂಟೆ 90 ಪೌಂಡ್, ಅಂದರೆ ಸುಮಾರು 41 ಕಿಲೋ. ಸಾಮಾನ್ಯವಾಗಿ ಒಬ್ಬೊಬ್ಬರು ಎರಡೆರಡು ಹೊರುತ್ತಿದ್ದರು. ಆಟದಲ್ಲಿ ನಾವು ಆಯಾಸವಿಲ್ಲದೆ ಹೊರಬಹುದಾದದ್ದು 30 ಕಿಲೋ. ಅದಕ್ಕಿಂತ ಹೆಚ್ಚಾದರೆ ನಡಿಗೆ ನಿಧಾನ, ದಣಿವು ಬೇಗ. ಏನನ್ನು ಹೊತ್ತುಕೊಳ್ಳಬೇಕು, ಏನನ್ನು ಬಿಟ್ಟು ಹೋಗಬೇಕು ಎಂಬ ಲೆಕ್ಕ ಶುರುವಾಗುವುದೇ ಈ ಮಟ್ಟದಲ್ಲಿ. ‘ಪಯಣಿಗ’ ಎಂದರೆ ಈ ಹೊರೆಯ ಮಾತು ಪೂರ್ತಿ ಬಿಟ್ಟುಹೋಗುತ್ತದೆ. ‘ಹೊರೆಯಾಳು’ ಎಂದರೆ ಹೇಗೆ? ಕೇಳಲು ಚೆನ್ನಾಗಿದೆ. ಆದರೆ ಪಯಣ ಕಾಣೆಯಾಗುತ್ತದೆ.

ಸ್ಟಾಕರ್‌ನಲ್ಲಿ ಗೊಂದಲ ಇರುವುದು ಯಾರ ಹೆಸರು ಅದು ಎಂಬಲ್ಲಿ. ಉಳಿದ ಹೆಸರುಗಳಂತೆ ಅದೂ ಆಡುವವರದೇ ಇರಬೇಕು, ಬೇಟೆಯ ಬೆನ್ನು ಹತ್ತುವವರು. ಆದರೆ ಆ ಮಟ್ಟ ಎಂದ ಕೂಡಲೇ ಆಡುವವರಿಗೆ ನೆನಪಾಗುವುದು ತೋಳ. ತೋಳ ನಮ್ಮ ವಾಸನೆ ಹಿಡಿದರೆ ತಕ್ಷಣ ಮೇಲೆ ಬೀಳುವುದಿಲ್ಲ. ತಲೆ ತಗ್ಗಿಸಿ, ದೂರದಿಂದ, ನಿಧಾನವಾಗಿ ಹಿಂದೆ ಬರುತ್ತದೆ. ನಾವು ತಿರುಗಿ ನೋಡಿದಾಗ ಸ್ವಲ್ಪ ಹತ್ತಿರವಾಗಿರುತ್ತದೆ. ಬೆನ್ನಚೀಲದಲ್ಲಿ ಹಸಿ ಮಾಂಸ ಇದ್ದರೆ ಅದಕ್ಕೆ ಇನ್ನೂ ಬೇಗ ಗೊತ್ತಾಗುತ್ತದೆ. ಆಗ ಒಂದು ತುಂಡು ಕೆಳಗೆ ಹಾಕಿ ಹಿಂದೆ ಸರಿಯಬಹುದು, ಅಥವಾ ಉರಿಯುವ ಪಂಜು ಹಿಡಿದು ನಿಲ್ಲಬಹುದು. ಹಾಗಾದರೆ ಬೆನ್ನು ಹತ್ತಿದವರು ಯಾರು? ನಾವು ಜಿಂಕೆಯ ಹಿಂದೆ, ತೋಳ ನಮ್ಮ ಹಿಂದೆ. ‘ಬೇಟೆಗಾರ’ ಎಂದು ಬರೆದರೆ ಈ ಎರಡನೆಯ ಅರ್ಧ ಸತ್ತುಹೋಗುತ್ತದೆ.

ಇಂಟರ್‌ಲೋಪರ್ ಎಲ್ಲಕ್ಕಿಂತ ತೊಡಕಿನದು. ಇದಕ್ಕೂ ವ್ಯಾಪಾರದ ಹಿನ್ನೆಲೆ ಇದೆ. ಅಪ್ಪಣೆ ಪಡೆದ ಕಂಪನಿಗಳ ಹಕ್ಕಿನ ಜಾಗಕ್ಕೆ ಪರವಾನಗಿ ಇಲ್ಲದೆ ನುಗ್ಗಿ ವ್ಯಾಪಾರ ಮಾಡುವವರನ್ನು 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಹೀಗೆ ಕರೆಯಲು ಶುರು ಮಾಡಿದ್ದರು. ಈಗಿನ ಅರ್ಥ, ತನಗೆ ಜಾಗವಿಲ್ಲದ ಕಡೆ ಬಂದು ಸೇರಿಕೊಂಡವರು. ಆಟ ಈ ಅರ್ಥವನ್ನು ಅಕ್ಷರಶಃ ಆಡಿಸಿ ತೋರಿಸುತ್ತದೆ. ಎಲ್ಲಿ ಶುರು ಮಾಡಬೇಕು ಎಂದು ಆರಿಸಿಕೊಳ್ಳುವಂತಿಲ್ಲ. ಕೈಯಲ್ಲಿ ಒಂದು ಬೆಂಕಿಕಡ್ಡಿಯೂ ಇರುವುದಿಲ್ಲ. ಬಂದೂಕು ಎಲ್ಲೂ ಸಿಗುವುದಿಲ್ಲ. ಚಾಕು, ಕೊಡಲಿ ಕೂಡ ಬಿದ್ದು ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ಅದನ್ನು ಮಾಡುವ ಬಗೆಯನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಮುಂದಿನ ಪದ ಅಲ್ಲಿಂದಲೇ ಬರುತ್ತದೆ. ಮೊದಲು ಒಂದು ಭಾರದ ಸುತ್ತಿಗೆ ಹುಡುಕಬೇಕು. ಗುಜರಿ ಕಬ್ಬಿಣ ಕೂಡಿಹಾಕಬೇಕು. ಗುಹೆಗಳಲ್ಲಿ ಬಿದ್ದಿರುವ ಕಲ್ಲಿದ್ದಲು ಆರಿಸಬೇಕು, ಬರೀ ಸೌದೆಯಿಂದ ಸಾಲುವಷ್ಟು ಕಾವು ಬರುವುದಿಲ್ಲ. ಇವನ್ನೆಲ್ಲ ಹೊತ್ತು ಕುಲುಮೆ ಇರುವ ಕೆಲವೇ ಜಾಗಗಳಲ್ಲಿ ಒಂದಕ್ಕೆ ಹೋಗಬೇಕು. ಆಟದ ಲೆಕ್ಕದಲ್ಲಿ ಬೆಂಕಿ 150 ಡಿಗ್ರಿ ಮುಟ್ಟಿದ ಮೇಲೇ ಕೆಲಸ ಶುರು. ಅಲ್ಲಿ ಚಾಕು, ಕೊಡಲಿ, ಬಾಣದ ಮೊನೆ ಹೊಡೆದುಕೊಳ್ಳಬೇಕು. ಬಿಲ್ಲಿಗೆ ಎಳೆಯ ಮೇಪಲ್ ಕೋಲು ಮತ್ತು ಪ್ರಾಣಿಯ ಕರುಳು ಬೇಕು, ಎರಡೂ ಚೆನ್ನಾಗಿ ಒಣಗಿರಬೇಕು. ಕರುಳಿಗೆ 5 ದಿನ. ತೋಳದ ಚರ್ಮವಾದರೆ 7, ಕರಡಿಯದಾದರೆ 12. ಇಷ್ಟು ಕಾಯುವ ಹೊತ್ತಿಗೆ ಹೊರಗೆ ಚಳಿ ದಿನದಿಂದ ದಿನಕ್ಕೆ ಏರುತ್ತಲೇ ಇರುತ್ತದೆ.

ನಡುವೆ ಒಂದು ಮಾತು. ಚರ್ಮಕ್ಕೆ ‘ಹದ ಮಾಡು’ ಎಂದು ಬರೆಯಲು ಹೋದೆ. ಆದರೆ ಹದ ಮಾಡುವುದು ಕೈಕೆಲಸ. ಆಟದಲ್ಲಿ ಒಳಗೆ ನೆಲದ ಮೇಲೆ ಹರಡಿಟ್ಟು ಬಿಟ್ಟರೆ ಸಾಕು. ‘ಆರಹಾಕು’ ಎಂಬುದೇ ಸರಿ ಎಂದು ಬರೆದುಕೊಂಡಿದ್ದೇನೆ.

ಈ ಇಡೀ ಯೋಜನೆಗೆ ಎಲ್ಲರೂ ಬಳಸುವ ಪದ ‘ತಂತ್ರ’. ತೋಳದ ಮುಂದೆ ಮಾಂಸ ಹಾಕುವುದೂ ತಂತ್ರ, ಮೂರು ವಾರದ ಲೆಕ್ಕ ಹಾಕುವುದೂ ತಂತ್ರ. ನನಗೆ ಎರಡು ಪದ ಬೇಕು. ಎದುರಿಗೆ ಬಂದದ್ದನ್ನು ನಿಭಾಯಿಸುವ ಕೈಚಳಕಕ್ಕೆ ‘ಪಟ್ಟು’ ಸಾಕು. ದೂರದ ಲೆಕ್ಕಕ್ಕೆ ‘ಹಂಚಿಕೆ’ ಎಂಬ ಪದ ನೆನಪಾಗಿ ತುಂಬ ಖುಷಿಯಾಯಿತು. ‘ಹಂಚಿಕೆ ಹಾಕು’ ಎಂದರೆ ಉಪಾಯ ಹೂಡು. ಹಂಚಿಕೆ ಎಂದರೆ ಪಾಲು ಮಾಡುವುದೂ ಹೌದು. ಈ ಆಟದಲ್ಲಿ ಇವೆರಡೂ ಒಂದೇ ಕೆಲಸ. ಇರುವ ಕಡ್ಡಿ, ಇರುವ ಕ್ಯಾಲರಿ, ಇರುವ ಬೆಳಕನ್ನು ದಿನಗಳಿಗೆ ಹಂಚುವುದೇ ಇಲ್ಲಿನ ಉಪಾಯ. ಬಿಸಿಲಿದ್ದಾಗ ಭೂತಗನ್ನಡಿಯಿಂದ ಬೆಂಕಿ ಹೊತ್ತಿಸಿ ಕಡ್ಡಿ ಉಳಿಸುವುದು ಹಂಚಿಕೆ. ಕರಗಿಸಿದ ನೀರನ್ನು ಒಂದೇ ಬೆಂಕಿಯಲ್ಲಿ ಜಾಸ್ತಿ ಕಾಯಿಸಿಟ್ಟುಕೊಳ್ಳುವುದು ಹಂಚಿಕೆ. ಈಗ ಹಂಚಿಕೆ ಎಂದರೆ ಸೀಟು ಹಂಚಿಕೆ, ಅನುದಾನ ಹಂಚಿಕೆ ಎಂದಷ್ಟೇ ಉಳಿದಿರುವುದು ನಿಜ. ಹಳೆಯ ಅರ್ಥ ನಿಮ್ಮ ಮಾತಿನಲ್ಲಿ ಇನ್ನೂ ಇದೆಯೇ? ಅಥವಾ ಓದುಗರು ತಡವರಿಸುತ್ತಾರೆಯೇ?

ಹವೆಯ ಪದಗಳಲ್ಲಿ ಒಂದೇ ಎಚ್ಚರಿಕೆ. ‘ಮಂಜು’ ಎಂದು ನಾವು ಹಿಮಕ್ಕೂ ಹೇಳುತ್ತೇವೆ, ಕಣ್ಣಿಗೆ ಕವಿಯುವುದಕ್ಕೂ ಹೇಳುತ್ತೇವೆ. ಆಟದಲ್ಲಿ ‘ಮಂಜು ಬಿದ್ದರೆ ಹೊರಗೆ ಹೋಗಬೇಡಿ’ ಎಂದು ಬರೆದರೆ ಯಾವುದೆಂದು ಗೊತ್ತಾಗುವುದಿಲ್ಲ. ಹಾಗಾಗಿ ನೆಲದ ಮೇಲಿನದಕ್ಕೆ ಹಿಮ, ದಾರಿ ಮರೆಸುವುದಕ್ಕೆ ಕಾವಳ, ಕೆರೆಯ ಮೇಲೆ ಬಿರುಕು ಬಿಡುವುದಕ್ಕೆ ಮಂಜುಗಡ್ಡೆ ಎಂದು ಗೆರೆ ಎಳೆದುಕೊಂಡಿದ್ದೇನೆ. ಆಟ ಗಾಳಿಯಿಂದ ಹೆಚ್ಚುವ ಚಳಿಯನ್ನು ಬೇರೆಯಾಗಿಯೇ ತೋರಿಸುತ್ತದೆ. ಅದಕ್ಕೆ ‘ಗಾಳಿಯ ಕೊರೆತ’. ಬಂಡೆಯ ಮರೆಗೆ ಹೋದರೆ ಕೊರೆತ ಇಲ್ಲ, ಚಳಿ ಮಾತ್ರ.

ಮತ್ತೆ ಹೆಸರುಗಳಿಗೆ ಬರುತ್ತೇನೆ. ಇನ್ನೊಂದು ತೊಡಕು ಇದೆ. ಆಟದಲ್ಲಿ ಗಂಡಾಗಿಯೂ ಆಡಬಹುದು, ಹೆಣ್ಣಾಗಿಯೂ ಆಡಬಹುದು. ಯಾತ್ರಿಕ, ಪಯಣಿಗ, ನುಸುಳುಕೋರ ಎಲ್ಲವೂ ಗಂಡಸಿನ ರೂಪ. ಪ್ರತಿಸಲ ಎರಡೆರಡು ಬರೆಯುವುದು ಓದಲು ಭಾರ. ಅದಕ್ಕೆ ಆಳಿನ ಹೆಸರು ಬಿಟ್ಟು ಕೆಲಸದ ಹೆಸರನ್ನೇ ಇಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಯಾತ್ರೆ, ಪಯಣ, ಹೊಂಚು, ನುಸುಳು. ಮಿಸರಿ ಹೇಗೂ ಆಳಿನ ಹೆಸರಲ್ಲ. ಅಲ್ಲಿ ಕಾಲ ಕಳೆದಂತೆ ವಾಸಿಯಾಗದ ಬಾಧೆಗಳು ಒಂದೊಂದಾಗಿ ಮೈಗೆ ಅಂಟುತ್ತವೆ. ಅದು ‘ಗೋಳು’ ಆಗಬಹುದು.

ಹೀಗೆ ಮಾಡಿದರೆ ಸ್ಟಾಕರ್ ಗೊಂದಲ ತಾನಾಗಿ ಬಗೆಹರಿಯುತ್ತದೆ. ‘ಹೊಂಚು’ ಯಾರದೂ ಆಗಬಹುದು, ನಮ್ಮದೂ, ತೋಳದ್ದೂ. ಹೊಂಚು ಎಂದರೆ ಒಂದೆಡೆ ಅಡಗಿ ಕಾಯುವುದು, ಬೆನ್ನು ಹತ್ತುವುದಲ್ಲ ಎಂದು ಯಾರಾದರೂ ಹೇಳಬಹುದು. ಆ ಮಾತು ಸರಿಯೇ. ಆದರೂ ಬಿಲ್ಲು ಹಿಡಿದು ಬಗ್ಗಿ, ಉಸಿರು ಬಿಗಿಹಿಡಿದು ಕೂರುವ ಹೊತ್ತು ಈ ಆಟದಲ್ಲಿ ಬೇಕಾದಷ್ಟಿದೆ. ನಾನು ಇದನ್ನೇ ಇಟ್ಟುಕೊಳ್ಳುವವಳಿದ್ದೇನೆ.

ಉಳಿದಿರುವುದು ಇಂಟರ್‌ಲೋಪರ್. ‘ಆಗಂತುಕ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಬರೀ ಅಪರಿಚಿತತನ ಇದೆ, ಬೇಡದವರು ಎಂಬ ಅರ್ಥ ಇಲ್ಲ. ‘ಅತಿಕ್ರಮಿ’ ಎಂದರೆ ಜಮೀನಿನ ವ್ಯಾಜ್ಯ ಕಣ್ಣಮುಂದೆ ಬರುತ್ತದೆ. ‘ನುಸುಳು’ ಎಂದರೆ ಗಡಿಯ ಸುದ್ದಿ. ‘ಕರೆಯದೆ ಬಂದವರು’ ಅರ್ಥಕ್ಕೆ ಎಲ್ಲಕ್ಕಿಂತ ಹತ್ತಿರ, ಗಂಡು ಹೆಣ್ಣಿನ ತೊಡಕೂ ಇಲ್ಲ. ಆದರೆ ಉಳಿದ ಹೆಸರುಗಳೆಲ್ಲ ಒಂದೇ ಪದವಾಗಿರುವಾಗ ಇದೊಂದೇ ಉದ್ದವಾಗುತ್ತದೆ. ಆಟದ ಪರದೆಯ ಮೇಲೆ ಒಂದು ಸಾಲಿನಲ್ಲಿ ಕೂರುವಂಥ, ‘ನಿನಗಿಲ್ಲಿ ಜಾಗವಿಲ್ಲ’ ಎಂಬುದನ್ನು ಹೇಳುವಂಥ ಒಂದು ಚಿಕ್ಕ ಪದ ಬೇಕು. ‘ನುಸುಳು’ ಎಂಬುದನ್ನು ಕ್ರಿಯೆಯಾಗಿ ಅಲ್ಲದೆ ಹೆಸರುಪದವಾಗಿ ಬಳಸುವುದನ್ನು ನೀವು ಕೇಳಿದ್ದೀರಾ? ಕೇಳಿದ್ದರೆ ಯಾವ ವಾಕ್ಯದಲ್ಲಿ ಎಂದು ದಯವಿಟ್ಟು ಬರೆಯಿರಿ. ಬೇರೆ ಪದ ಹೊಳೆದರೆ ಅದನ್ನೂ ಹೇಳಿ.