ಫ್ರಾಂಕ್‌ಫರ್ಟ್‌ಗೆ ಶನಿವಾರ ಇಳಿಯುತ್ತಿದ್ದೇವೆ, ಮೊದಲ ಮೂರು ದಿನ ಏನು ಮಾಡಬೇಕು?

ಪ್ರಶ್ನೆ, ಶಿವಮೊಗ್ಗದ ಸದಸ್ಯರಿಂದ

ನಮಸ್ಕಾರ. ನಾನು, ನಮ್ಮ ಮನೆಯವರು ಸೆಪ್ಟೆಂಬರ್ 5, ಶನಿವಾರ ಬೆಳಿಗ್ಗೆ ಬೆಂಗಳೂರಿಂದ ನೇರ ವಿಮಾನದಲ್ಲಿ ಫ್ರಾಂಕ್‌ಫರ್ಟ್‌ಗೆ ಇಳಿಯುತ್ತೇವೆ. ಒಟ್ಟು ಎರಡೂವರೆ ತಿಂಗಳ ಪ್ರವಾಸ. ಮೊದಲ ಹತ್ತು ದಿನ ಅಲ್ಲೇ ಅಡುಗೆಮನೆ ಇರುವ ಫ್ಲ್ಯಾಟು, ಆಮೇಲೆ ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್‌ಲ್ಯಾಂಡ್. ಇಬ್ಬರಿಗೂ ಅರವತ್ತು ದಾಟಿದೆ, ಸಸ್ಯಾಹಾರಿಗಳು. ನನಗೆ ಬಿಪಿ, ಅವರಿಗೆ ಶುಗರ್. ವೀಸಾದಲ್ಲಿ 75 ದಿನ, ಒಂದೇ ಪ್ರವೇಶ ಅಂತ ಇದೆ. ಇಳಿದ ಮೇಲೆ ಮೊದಲು ಏನು ನೋಡಿಕೊಳ್ಳಬೇಕು?

ಉತ್ತರ, ಪ್ರವಾಸ ಸಲಹೆಗಾರ್ತಿ

ಸರ್, ಮೊದಲ ಮೂರು ದಿನ ಊರು ನೋಡುವ ಕಾರ್ಯಕ್ರಮವನ್ನೇ ಇಟ್ಟುಕೊಳ್ಳಬೇಡಿ. ಮನೆ, ದಿನಸಿ, ದುಡ್ಡು, ಫೋನು ಸರಿಹೋದರೆ ಉಳಿದ 72 ದಿನ ಸಲೀಸು.

ನೀವು ಶನಿವಾರ ಇಳಿಯುತ್ತಿರುವುದೇ ಮೊದಲ ತೊಡಕು. ಜರ್ಮನಿಯಲ್ಲಿ ಭಾನುವಾರ ಸೂಪರ್‌ಮಾರ್ಕೆಟ್‌ಗಳು ಬಾಗಿಲು ಹಾಕಿರುತ್ತವೆ. ರೈಲು ನಿಲ್ದಾಣ, ವಿಮಾನ ನಿಲ್ದಾಣದ ಒಳಗಿನ ಅಂಗಡಿಗಳು ತೆರೆದಿರುತ್ತವೆ, ಬೇಕರಿಗಳು ಬೆಳಿಗ್ಗೆ ಕೆಲವು ಗಂಟೆ. ಆದ್ದರಿಂದ ಎಷ್ಟೇ ಸುಸ್ತಾಗಿದ್ದರೂ ಶನಿವಾರ ಸಂಜೆಯೊಳಗೆ ಸೋಮವಾರ ಬೆಳಗಿನವರೆಗೆ ಸಾಲುವಷ್ಟು ಹಾಲು, ಮೊಸರು, ಬ್ರೆಡ್ಡು, ತರಕಾರಿ, ಹಣ್ಣು ತಂದಿಟ್ಟುಕೊಳ್ಳಿ. ಸೋನಾ ಮಸೂರಿ, ತೊಗರಿಬೇಳೆ ಬೇಕಾದರೆ ಮುಖ್ಯ ರೈಲು ನಿಲ್ದಾಣದ ಎದುರಿನ ಮ್ಯೂನ್‌ಶೆನರ್ ಸ್ಟ್ರಾಸೆ ಸುತ್ತ ಏಷ್ಯಾದ ದಿನಸಿ ಅಂಗಡಿಗಳಿವೆ.

ವಿಮಾನ ಬೆಳಿಗ್ಗೆ ಇಳಿದರೂ ಫ್ಲ್ಯಾಟಿನ ಕೀಲಿ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ. ಸಾಮಾನು ಮೊದಲೇ ಇಡಬಹುದಾ ಅಂತ ಫ್ಲ್ಯಾಟಿನ ಮಾಲೀಕರನ್ನು ಈಗಲೇ ಬರೆದು ಕೇಳಿ, ಇಲ್ಲವಾದರೆ ಮುಖ್ಯ ನಿಲ್ದಾಣದ ಲಾಕರ್. ವಿಮಾನ ನಿಲ್ದಾಣದ ಟರ್ಮಿನಲ್ 1ರ ಕೆಳಗಿನ ಪ್ರಾದೇಶಿಕ ನಿಲ್ದಾಣದಿಂದ ಊರೊಳಕ್ಕೆ ಹೋಗುವ ಎಸ್8 ಅಥವಾ ಎಸ್9 ಲೋಕಲ್ ರೈಲು ಹಿಡಿಯಿರಿ. ಬೋರ್ಡಿನಲ್ಲಿ ಹಾನೌ ಅಥವಾ ಓಫನ್‌ಬಾಖ್ ಕಡೆಗೆ ಅಂತ ಇರಬೇಕು. ವೀಸ್‌ಬಾಡೆನ್ ಅಂತ ಇದ್ದರೆ ಅದು ಎದುರು ದಿಕ್ಕಿನದು.

ಟಿಕೆಟ್ ಯಂತ್ರದಲ್ಲಿ ಗಮನವಿರಲಿ. ವಿಮಾನ ನಿಲ್ದಾಣದ ದರ ಬೇರೆ, ಊರೊಳಗಿನ ಟಿಕೆಟ್ ನಡೆಯುವುದಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಯಂತ್ರದ ಟಿಕೆಟ್ ಕೊಂಡ ಕ್ಷಣದಿಂದಲೇ ಚಾಲ್ತಿ. ಮ್ಯೂನಿಕ್‌ಗೋ ಬರ್ಲಿನ್‌ಗೋ ಹೋದರೆ ಹಾಗಲ್ಲ, ಅಲ್ಲಿ ಪ್ಲಾಟ್‌ಫಾರ್ಮಿನ ಹತ್ತಿರದ ಚಿಕ್ಕ ಪೆಟ್ಟಿಗೆಗೆ ಟಿಕೆಟ್ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಕಿಸೆಯಲ್ಲಿದ್ದರೂ 60 ಯೂರೊ ದಂಡ. ನಿಲ್ದಾಣಗಳಲ್ಲಿ ಗೇಟು ಇಲ್ಲ ಅಂದರೆ ತಪಾಸಣೆ ಇಲ್ಲ ಅಂತಲ್ಲ.

ಹತ್ತೂ ದಿನ ಓಡಾಡುವವರಾದರೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಬಗ್ಗೆ ಯೋಚಿಸಿ. ತಿಂಗಳಿಗೆ ತಲಾ 63 ಯೂರೊ, ದೇಶದ ಎಲ್ಲ ಊರುಗಳ ಬಸ್ಸು, ಮೆಟ್ರೊ, ಪ್ರಾದೇಶಿಕ ರೈಲು ಸೇರಿದೆ. ದೂರದೂರಿನ ವೇಗದ ರೈಲುಗಳಾದ ಐಸಿಇ, ಐಸಿ ಸೇರಿಲ್ಲ. ಆದರೆ ಅದು ತಿಂಗಳಿಂದ ತಿಂಗಳಿಗೆ ತಾನಾಗಿ ಮುಂದುವರಿಯುವ ಚಂದಾ. ಸೆಪ್ಟೆಂಬರಿಗೆ ಮಾತ್ರ ಸಾಕು ಅಂದರೆ ಸೆಪ್ಟೆಂಬರ್ 10ರೊಳಗೆ ರದ್ದು ಮಾಡಬೇಕು. ಮರೆತರೆ ಅಕ್ಟೋಬರ್ ಹಣವೂ ಹೋಗುತ್ತದೆ.

ಮರುಪ್ರಶ್ನೆ, ಶಿವಮೊಗ್ಗ

ಮೇಡಂ, 75 ದಿನ ಅಂದರೆ ಯಾವ ದಿನಾಂಕದವರೆಗೆ ಇರಬಹುದು? ನಡುವೆ ಲಂಡನ್‌ನಲ್ಲಿ ಅಕ್ಕನ ಮಗನನ್ನು ನೋಡಿ ಬರಲು ಆಗುತ್ತಾ?

ಉತ್ತರ, ಪ್ರವಾಸ ಸಲಹೆಗಾರ್ತಿ

ಇಳಿದ ದಿನವೂ ಎಣಿಕೆಗೆ ಬರುತ್ತದೆ, ಹೊರಡುವ ದಿನವೂ ಬರುತ್ತದೆ. ಸೆಪ್ಟೆಂಬರಿನಲ್ಲಿ 26, ಅಕ್ಟೋಬರಿನಲ್ಲಿ 31, ಅಲ್ಲಿಗೆ 57. ಉಳಿದದ್ದು 18. ಅಂದರೆ ನವೆಂಬರ್ 18 ನಿಮ್ಮ ಕೊನೆಯ ದಿನ. ವೀಸಾ ಚೀಟಿಯಲ್ಲಿ "ಇಂಥ ದಿನದವರೆಗೆ" ಅಂತ ಇನ್ನೂ ಮುಂದಿನ ದಿನಾಂಕ ಇರಬಹುದು. ಅದನ್ನು ನೋಡಿ ಟಿಕೆಟ್ ಮಾಡಬೇಡಿ, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡಿ. ಎರಡು ದಿನ ಉಳಿಸಿಕೊಂಡೇ ವಾಪಸ್ ಟಿಕೆಟ್ ಮಾಡಿ, ವಿಮಾನ ರದ್ದಾದರೆ ಆ ಎರಡು ದಿನ ಕೈಹಿಡಿಯುತ್ತವೆ.

ಲಂಡನ್ ಬೇಡ. ಬ್ರಿಟನ್, ಐರ್ಲೆಂಡ್ ಎರಡೂ ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿವೆ. ಅಲ್ಲಿಗೆ ಕಾಲಿಟ್ಟರೆ ನಿಮ್ಮ ಒಂದೇ ಪ್ರವೇಶ ಮುಗಿಯಿತು, ಬ್ರಿಟನ್ ವೀಸಾ ಕೈಯಲ್ಲಿದ್ದರೂ ಫ್ರಾಂಕ್‌ಫರ್ಟ್‌ಗೆ ಮರಳಿ ಬರಲಾಗದು. ಸ್ವಿಟ್ಜರ್‌ಲ್ಯಾಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ, ಅದಕ್ಕೆ ತೊಂದರೆಯಿಲ್ಲ.

ಪಾಸ್‌ಪೋರ್ಟಿಗೆ ಮುದ್ರೆ ಬೀಳಲಿಲ್ಲ ಅಂತ ಗಾಬರಿಯಾಗಬೇಡಿ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಬಂದ ಇಇಎಸ್ ವ್ಯವಸ್ಥೆಯಲ್ಲಿ ಪ್ರವೇಶ, ನಿರ್ಗಮನ ಎರಡೂ ಕಂಪ್ಯೂಟರಿನಲ್ಲೇ ದಾಖಲಾಗುತ್ತವೆ. ಮುಖದ ಚಿತ್ರ ತೆಗೆಯುತ್ತಾರೆ, ವೀಸಾಗೆ ಕೊಟ್ಟ ಬೆರಳಚ್ಚಿನೊಂದಿಗೆ ತಾಳೆ ನೋಡಬಹುದು. ಬೋರ್ಡಿಂಗ್ ಪಾಸನ್ನು ಎಸೆಯದೆ ಇಟ್ಟುಕೊಳ್ಳಿ. ವಾಪಸ್ ಟಿಕೆಟ್, ಮೊದಲ ಮನೆಯ ಬುಕಿಂಗ್, ಕನಿಷ್ಠ 30,000 ಯೂರೊ ರಕ್ಷಣೆಯ ವಿಮೆ ಪತ್ರ, ಇವು ಮುದ್ರಿಸಿ ಕೈಚೀಲದಲ್ಲಿರಲಿ. ಅಧಿಕಾರಿ ಕೇಳುವ ಹೊತ್ತಿಗೆ ಫೋನಿನ ಚಾರ್ಜು ಮುಗಿದಿರುತ್ತದೆ.

ಪ್ರಶ್ನೆ, ಶಿವಮೊಗ್ಗದ ಸದಸ್ಯರ ಮನೆಯವರು

ಕುಕ್ಕರ್, ಮಿಕ್ಸಿ ಒಯ್ಯಬಹುದಾ? ತುಪ್ಪ, ಕರಿಬೇವು, ತೆಂಗಿನಕಾಯಿ?

ಉತ್ತರ, ಫ್ರಾಂಕ್‌ಫರ್ಟ್‌ನಲ್ಲಿ ಬಾಡಿಗೆ ಫ್ಲ್ಯಾಟುಗಳ ಉಸ್ತುವಾರಿ ನೋಡುವವರು

ಅಮ್ಮಾ, ಮೊದಲು ಸುಂಕದ ಮಾತು. ಹಾಲಿನ ಪದಾರ್ಥ ತರುವಂತಿಲ್ಲ, ತುಪ್ಪ, ಪೇಡ, ಪನೀರ್ ಎಲ್ಲವೂ ಅದರಲ್ಲಿ ಬಂತು. ಹಸಿ ಕರಿಬೇವು, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಂದರೆ ಬಿಟ್ಟುಬಿಡಿ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್‌ಗೆ ಆ ಪತ್ರದಿಂದ ವಿನಾಯಿತಿ ಇದೆ. ಸಾರಿನ ಪುಡಿ, ಹುಳಿಪುಡಿ, ಒಣಗಿದ ಕರಿಬೇವಿನ ಪುಡಿ ಧಾರಾಳವಾಗಿ ತನ್ನಿ.

ವಿದ್ಯುತ್ ಇಲ್ಲೂ 230 ವೋಲ್ಟ್, ಮಿಕ್ಸಿ ನಡೆಯುತ್ತದೆ. ಮೂರು ಪಿನ್ನಿನ ಪ್ಲಗ್ಗು ಮಾತ್ರ ಹೋಗುವುದಿಲ್ಲ. ಇಲ್ಲಿನ ಸಾಕೆಟ್ ಗೋಡೆಯೊಳಗೆ ಗುಂಡಗೆ ತಗ್ಗಿರುತ್ತದೆ, ಚೌಕದ ದಪ್ಪ ಅಡಾಪ್ಟರ್ ಅದರ ಅಂಚಿಗೆ ತಾಗಿ ನಿಲ್ಲುತ್ತದೆ. ಗುಂಡಗಿನದನ್ನೇ ಕೊಳ್ಳಿ. ಫೋನಿನ ತೆಳು ಎರಡು ಪಿನ್ನಿನ ಚಾರ್ಜರಿಗೆ ಏನೂ ಬೇಡ.

ಒಲೆ ಯಾವುದು ಅಂತ ಫ್ಲ್ಯಾಟಿನ ಮಾಲೀಕರನ್ನು ಕೇಳಿಯೇ ಕುಕ್ಕರ್ ಕಟ್ಟಿ. ಇಂಡಕ್ಷನ್ ಆದರೆ ತಳಕ್ಕೆ ಅಯಸ್ಕಾಂತ ಅಂಟಬೇಕು, ಸಾದಾ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದೇ ಇಲ್ಲ. ಕೆಂಪಗೆ ಕಾಯುವ ಗಾಜಿನ ಒಲೆ ಆದರೆ ತಳ ಚಪ್ಪಟೆ ಇದ್ದರೆ ಸಾಕು. ಒಲೆ ಹೊತ್ತಿಕೊಳ್ಳಲಿಲ್ಲ ಅಂತ ಬರುವ ಫೋನುಗಳಲ್ಲಿ ಬಹುಪಾಲು ಮಕ್ಕಳ ಲಾಕಿನದು. ಬೀಗ ಅಥವಾ ಕೀಲಿಯ ಗುರುತಿನ ಮೇಲೆ ಮೂರು ಸೆಕೆಂಡ್ ಬೆರಳಿಡಿ.

ಇನ್ನು ಒಗ್ಗರಣೆ. ಮಲಗುವ ಕೋಣೆ, ನಡುಮನೆಯ ಸೂರಿನಲ್ಲಿ ಬಿಳಿ ಬಿಲ್ಲೆಯಂಥ ಹೊಗೆ ಸೂಚಕ ಇರುತ್ತದೆ. ಒಣಮೆಣಸಿನಕಾಯಿಯ ಘಾಟು ತೆರೆದ ಬಾಗಿಲಿನಿಂದ ಅಲ್ಲಿಗೆ ಹೋದರೆ ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚುತ್ತದೆ. ಒಲೆಯ ಮೇಲಿನ ಚಿಮಣಿಗೆ ಹೊರಗೆ ಕೊಳವೆ ಇಲ್ಲದಿರುವುದೇ ಹೆಚ್ಚು, ಅದು ಗಾಳಿಯನ್ನು ಸೋಸಿ ಅಡುಗೆಮನೆಗೇ ಬಿಡುತ್ತದೆ. ಆದ್ದರಿಂದ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆದು, ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ, ಮೆಣಸಿನಕಾಯಿ ಕೊನೆಗೆ ಹಾಕಿ, ತಕ್ಷಣ ತಟ್ಟೆ ಮುಚ್ಚಿ. ಸೂಚಕವನ್ನು ಮಾತ್ರ ಕಳಚಬೇಡಿ. ಹೋಟೆಲುಗಳಲ್ಲಿ ಅದು ನೇರ ಅಗ್ನಿಶಾಮಕ ಠಾಣೆಗೆ ಜೋಡಿಸಿರಬಹುದು, ಸುಮ್ಮನೆ ಬಂದ ಗಾಡಿಯ ಬಿಲ್ಲು ನಿಮ್ಮ ಹೆಸರಿಗೇ.

ಕಿಟಕಿಯ ಹಿಡಿ ಕೆಳಗಿದ್ದರೆ ಮುಚ್ಚಿದೆ, ಅಡ್ಡಕ್ಕಿದ್ದರೆ ಬಾಗಿಲಿನಂತೆ ತೆರೆಯುತ್ತದೆ, ಮೇಲಕ್ಕಿದ್ದರೆ ಮೇಲ್ಭಾಗ ಮಾತ್ರ ಒಳಕ್ಕೆ ಓರೆಯಾಗುತ್ತದೆ. ತೆರೆದಿರುವಾಗ ಹಿಡಿ ತಿರುಗಿಸಿದರೆ ಕಿಟಕಿ ಒಂದು ಮೂಲೆಯಲ್ಲಿ ಜೋತುಬೀಳುತ್ತದೆ. ಬಿದ್ದೇಹೋಯಿತು ಅನಿಸುತ್ತದೆ, ಮುರಿದಿರುವುದಿಲ್ಲ. ಮೇಲಿನ ಮೂಲೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದು ಹಿಡಿಯನ್ನು ಮೊದಲಿದ್ದ ಕಡೆಗೆ ತಿರುಗಿಸಿ.

ಎಲ್ಲಕ್ಕಿಂತ ದುಬಾರಿ ತಪ್ಪು ಮುಂಬಾಗಿಲಿನದು. ಹೊರಗಡೆ ತಿರುಗುವ ಹಿಡಿಯೇ ಇರುವುದಿಲ್ಲ, ಗಾಳಿಗೆ ಬಾಗಿಲು ಹಾಕಿಕೊಂಡರೆ ನೀವು ಹೊರಗೆ, ಕೀಲಿ ಒಳಗೆ. ಒಳಗಿನಿಂದ ಕೀಲಿ ಸಿಕ್ಕಿಸಿಟ್ಟಿದ್ದರೆ ಎಷ್ಟೋ ಬೀಗಗಳು ಹೊರಗಿನ ಎರಡನೇ ಕೀಲಿಗೂ ತೆರೆಯುವುದಿಲ್ಲ. ಭಾನುವಾರ ಬೀಗ ತೆಗೆಯುವವನನ್ನು ಕರೆಸಿದರೆ ನೂರಾರು ಯೂರೊ. ಕಸ ಹಾಕಲು ಹೋಗುವಾಗಲೂ ಕೀಲಿ ಕೊರಳಲ್ಲಿರಲಿ.

ಬಚ್ಚಲಲ್ಲಿ ಷವರ್ ಜಾಗ ಬಿಟ್ಟರೆ ನೆಲಕ್ಕೆ ನೀರು ಹೋಗುವ ಕಿಂಡಿ ಇಲ್ಲ. ತಂಬಿಗೆ ಬಳಸಿ, ಆದರೆ ನೆಲಕ್ಕೆ ನೀರು ಸುರಿಯಬೇಡಿ, ಕೆಳಗಿನ ಮನೆಯ ಸೂರಿಗೆ ಇಳಿಯುತ್ತದೆ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಬಾಟಲಿಗೆ ಸಾಮಾನ್ಯವಾಗಿ 25 ಸೆಂಟ್ ಠೇವಣಿ ಸೇರಿರುತ್ತದೆ. ಹಿಂಡಿ ನಜ್ಜುಮಾಡಿದರೆ ಯಂತ್ರ ಬಾರ್‌ಕೋಡ್ ಓದದು, ಹಾಗೇ ಹಿಂದಿರುಗಿಸಿ.

ಪ್ರಶ್ನೆ, ಹಾಸನದ ಸದಸ್ಯರು

ನಾವೂ ಹೊರಟಿದ್ದೇವೆ. ಕಾರ್ಡು, ಸಿಮ್ ಬಗ್ಗೆ ಸ್ವಲ್ಪ ಹೇಳಿ.

ಉತ್ತರ, ಪ್ರವಾಸ ಸಲಹೆಗಾರ್ತಿ

ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ಬಳಕೆಯನ್ನು ಊರಲ್ಲೇ ಆನ್ ಮಾಡಿ. ಅಂಗಡಿ, ಎಟಿಎಂ, ಆನ್‌ಲೈನ್ ಮೂರಕ್ಕೂ ಬೇರೆ ಬೇರೆ ಗುಂಡಿ. ಒಂದನ್ನು ಮರೆತರೆ ಕಾರ್ಡು ಅಂಗಡಿಯಲ್ಲಿ ನಡೆದು ಎಟಿಎಂನಲ್ಲಿ ನಿರಾಕರಣೆಯಾಗುತ್ತದೆ. ಯಂತ್ರ "ರೂಪಾಯಿಯಲ್ಲೋ ಯೂರೊದಲ್ಲೋ" ಅಂತ ಕೇಳಿದರೆ ಯೂರೊವನ್ನೇ ಆರಿಸಿ. ರೂಪಾಯಿ ಅಂದರೆ ಆ ಯಂತ್ರದವರೇ ತಮ್ಮ ಲಾಭ ಸೇರಿಸಿ ದರ ಹಾಕುತ್ತಾರೆ. ಜರ್ಮನಿಯ ಸಣ್ಣ ಅಂಗಡಿಗಳು ಎಷ್ಟೋ ಸಲ ಅಲ್ಲಿನ ಡೆಬಿಟ್ ಕಾರ್ಡಾದ ಗಿರೊಕಾರ್ಡ್ ಮಾತ್ರ ತೆಗೆದುಕೊಳ್ಳುತ್ತವೆ, ವೀಸಾ, ಮಾಸ್ಟರ್ ಕಾರ್ಡುಗಳು ನಡೆಯವು. 10, 20ರ ನೋಟುಗಳಲ್ಲಿ 200 ಯೂರೊ ಕೈಯಲ್ಲಿರಲಿ.

ಭಾರತದ ಸಿಮ್ ತೆಗೆಯಬೇಡಿ, ಒಟಿಪಿ ಅದಕ್ಕೇ ಬರುವುದು. ಹೊರಡುವ ಮೊದಲೇ ರೋಮಿಂಗ್ ಆನ್ ಮಾಡಿಸಿ, ಆ ಸಿಮ್ಮಿನ ಡೇಟಾ ಆಫ್ ಇಡಿ. ಜರ್ಮನ್ ಪ್ರಿಪೇಯ್ಡ್ ಸಿಮ್‌ಗೆ ಪಾಸ್‌ಪೋರ್ಟ್ ಗುರುತು ಪರಿಶೀಲನೆ ಕಡ್ಡಾಯ, ಹತ್ತು ದಿನಕ್ಕೆ ಆ ತಲೆನೋವು ಬೇಡ. ಯುರೋಪಿನ ಇ-ಸಿಮ್ ಸಾಕು. ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್‌ಲ್ಯಾಂಡ್ ಇದೆಯಾ ನೋಡಿಕೊಳ್ಳಿ, ಒಕ್ಕೂಟದ ರೋಮಿಂಗ್ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ.

ಉತ್ತರ, ಸದಸ್ಯರಲ್ಲೊಬ್ಬ ಫಾರ್ಮಸಿಸ್ಟ್

ಮಾತ್ರೆಯ ಬಗ್ಗೆ ನನ್ನದೊಂದು ಮಾತು. ಸೆಪ್ಟೆಂಬರಿನಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ. ಮೊದಲ ರಾತ್ರಿಗಳಲ್ಲಿ ಮೂರು, ನಾಲ್ಕಕ್ಕೇ ಎಚ್ಚರವಾಗುವುದು ಅದಕ್ಕೇ. ಸಂಜೆ ಬಿಸಿಲಿನಲ್ಲಿ ಓಡಾಡಿ, ಒಂಬತ್ತರವರೆಗೆ ಹೇಗಾದರೂ ಎದ್ದಿರಿ, ಸುಮಾರು ಮೂರು ದಿನದಲ್ಲಿ ಹಳಿಗೆ ಬರುತ್ತದೆ.

ದಿನಕ್ಕೊಂದರ ಬಿಪಿ ಮಾತ್ರೆಯನ್ನು ಅಲ್ಲಿಯ ಬೆಳಗಿಗೆ ಹೊಂದಿಸಿಕೊಳ್ಳುವುದರಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಶುಗರ್ ಮಾತ್ರೆ ಊಟದ ಜೊತೆಗಿನದು, ಗಡಿಯಾರಕ್ಕಿಂತ ಊಟವನ್ನೇ ನೋಡಿ. ವಿಮಾನದಲ್ಲಿ ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ, ಕೆಲವು ಮಾತ್ರೆಗಳಲ್ಲಿ ಶುಗರ್ ಕುಸಿಯುತ್ತದೆ. ಇನ್ಸುಲಿನ್ ಇದ್ದರೆ ಹೊರಡುವ ದಿನದ ಪ್ರಮಾಣವನ್ನು ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಅದು ಕೈಚೀಲದಲ್ಲೇ ಇರಬೇಕು, ಕೆಳಗಿನ ಸಾಮಾನಿನಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಎರಡೂವರೆ ತಿಂಗಳಿಗೆ ಬೇಕಾದಷ್ಟನ್ನು ಮಾತ್ರೆಯ ಮೂಲ ಸ್ಟ್ರಿಪ್ಪುಗಳಲ್ಲೇ ಒಯ್ಯಿರಿ. ಡಾಕ್ಟರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ರಾಸಾಯನಿಕ ಹೆಸರೂ ಇಂಗ್ಲಿಷಿನಲ್ಲಿರಲಿ, ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿಯ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಪ್ಯಾರಸಿಟಮಾಲ್ ಕೂಡ ಸೂಪರ್‌ಮಾರ್ಕೆಟಿನಲ್ಲಿ ಸಿಗದು, ಆಪೊಟೆಕೆ ಅನ್ನುವ ಕೆಂಪು ಅಕ್ಷರದ ಔಷಧ ಅಂಗಡಿಗೇ ಹೋಗಬೇಕು. ರಾತ್ರಿ, ಭಾನುವಾರ ಸರದಿಯ ಮೇಲೆ ಯಾವುದಾದರೂ ಒಂದು ತೆರೆದಿರುತ್ತದೆ, ಯಾವುದು ಅಂತ ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಅಂಟಿಸಿರುತ್ತಾರೆ. ಜೀವಕ್ಕೆ ಅಪಾಯವೆನಿಸಿದರೆ 112, ವೈದ್ಯರು ಬೇಕು ಆದರೆ ಅಷ್ಟು ತುರ್ತಲ್ಲ ಅಂದರೆ 116117.

ಮರುಪ್ರಶ್ನೆ, ಶಿವಮೊಗ್ಗದ ಸದಸ್ಯರ ಮನೆಯವರು

ಕೊನೆಯದಾಗಿ, ಮೊಸರು ಹೆಪ್ಪು ಹಾಕಿದರೆ ಅಲ್ಲಿ ಆಗುತ್ತಾ?

ಉತ್ತರ, ಫ್ಲ್ಯಾಟುಗಳ ಉಸ್ತುವಾರಿ

ಆಗುತ್ತದಮ್ಮಾ. 3.5 ಪರ್ಸೆಂಟ್ ಕೊಬ್ಬಿನ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಅರ್ಧ ಲೀಟರಿಗೆ ಒಂದು ಚಮಚ ಸಾದಾ ಮೊಸರು, ಅಂದರೆ ಅಲ್ಲಿನ ನಾಟೂರ್‌ಯೋಗುರ್ಟ್ ಕಲಸಿ. ಅಡುಗೆಮನೆಯ ತಂಪಿಗೆ ಹೊರಗಿಟ್ಟರೆ ಬೆಳಗಾದರೂ ಹಾಲಾಗೇ ಇರುತ್ತದೆ. ಓವನ್ನಿನ ದೀಪ ಮಾತ್ರ ಹಾಕಿ, ಅದರೊಳಗೆ ರಾತ್ರಿಯಿಡೀ ಇಡಿ. ದೀಪ ಬೇರೆಯಾಗಿ ಹತ್ತದ ಓವನ್ ಆದರೆ ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಆರಿಸಿದ ಓವನ್ನಿನೊಳಗೆ ಬಿಸಿನೀರಿನ ಬಾಟಲಿಯ ಪಕ್ಕ ಇಡಿ. ಹಣ್ಣಿನ ರುಚಿಯ ಮೊಸರಿನ ಡಬ್ಬಿ ಹೆಪ್ಪಿಗೆ ತರಬೇಡಿ. ಕೆಲವದರಲ್ಲಿ ಜೆಲಾಟಿನ್ ಇರುತ್ತದೆ, ಡಬ್ಬಿಯ ಹಿಂದೆ ಗೆಲಾಟೀನೆ ಅಂತ ಬರೆದಿರುತ್ತಾರೆ, ಅದು ಪ್ರಾಣಿಜನ್ಯ.